ಶಾಲೆ ಫಾರಂನ ಧರ್ಮದ ಕಾಲಂ: ಅಪ್ಪನದು ಒಂದು, ಅಮ್ಮನದು ಒಂದು, ಮಗುವಿನದು ಯಾವುದು?

ಮಲಪ್ರಭಾ ದಂಡೆ:

ಕಾನೂನು ಬಲ್ಲವರು, ಶಾಲೆ ಕಚೇರಿ ಕೆಲಸ ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ. ತಂದೆ ಹಿಂದೂ, ತಾಯಿ ಕ್ಯಾಥೊಲಿಕ್. ಮದುವೆ 1954ರ ವಿಶೇಷ ವಿವಾಹ ಕಾಯ್ದೆಯಡಿ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಆಗಿದೆ, ಇಬ್ಬರೂ ಧರ್ಮ ಬದಲಿಸಿಲ್ಲ. ಮಗು ಈಗ ಒಂದನೇ ಕ್ಲಾಸಿಗೆ. ಫಾರಂನಲ್ಲಿ ಧರ್ಮಕ್ಕೊಂದು, ಜಾತಿಗೊಂದು ಕಾಲಂ ಇದೆ. ಏನು ಬರೆಯಬೇಕು? ಖಾಲಿ ಬಿಡಬಹುದೇ? ಇವತ್ತು ಬರೆದದ್ದು ಮುಂದೆ ಆಸ್ತಿ, ಮೀಸಲಾತಿ, ಮದುವೆ ಎಲ್ಲದಕ್ಕೂ ಅಂಟಿಕೊಳ್ಳುತ್ತದೆಯೇ? ಇದಕ್ಕಿಂತ ದೊಡ್ಡ ಪ್ರಶ್ನೆಯೂ ಒಂದಿದೆ. ಸಂವಿಧಾನ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ ಅನ್ನುತ್ತೇವೆ, ಆದರೆ ಆರು ವರ್ಷದ ಮಗುವಿನ ಪರವಾಗಿ ಆ ಆಯ್ಕೆ ಮಾಡುವವರು ದೊಡ್ಡವರು. ಇವೆರಡನ್ನೂ ಹೊಂದಿಸಿಕೊಂಡು ಹೋಗುವುದು ಹೇಗೆ?

ಕೋರ್ಟು ಕಟ್ಟೆ:

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ‘ಮಗುವಿಗೆ ಅಪ್ಪನ ಧರ್ಮವೇ’ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಕಾನೂನಿನಲ್ಲಿ ಅಷ್ಟು ಸಲೀಸಾಗಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 2ನೇ ಕಲಮಿನ ವಿವರಣೆ ನೋಡಿ. ತಂದೆ ತಾಯಿ ಇಬ್ಬರೂ ಹಿಂದೂ, ಬೌದ್ಧ, ಜೈನ ಅಥವಾ ಸಿಖ್ ಆಗಿದ್ದರೆ ಪ್ರಶ್ನೆಯೇ ಇಲ್ಲ, ಮಗುವೂ ಹಿಂದೂ ಕಾನೂನಿಗೆ ಒಳಪಡುತ್ತದೆ. ಇಬ್ಬರಲ್ಲಿ ಒಬ್ಬರು ಮಾತ್ರ ಹಾಗಿದ್ದರೆ ಎರಡನೇ ಷರತ್ತು ಬರುತ್ತದೆ: ಆ ತಂದೆಯ ಅಥವಾ ತಾಯಿಯ ಸಮುದಾಯದ, ಕುಟುಂಬದ ಸದಸ್ಯನಾಗಿ ಮಗುವನ್ನು ಬೆಳೆಸಿರಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯಲ್ಲೂ ಇದೇ ಮಾತಿದೆ.

ಅಂದರೆ ಕಾನೂನು ನೋಡುವುದು ರಕ್ತಕ್ಕಿಂತ ಹೆಚ್ಚಾಗಿ ಪಾಲನೆಯನ್ನು. ಮಗು ಯಾವ ಮನೆಯಲ್ಲಿ ಬೆಳೆಯಿತು, ನಾಮಕರಣ ಹೇಗಾಯಿತು, ಚರ್ಚಿನಲ್ಲಿ ಜ್ಞಾನಸ್ನಾನ (ಬ್ಯಾಪ್ಟಿಸಂ) ಆಗಿದೆಯೇ, ಯಾವ ಹಬ್ಬ ಮಾಡುತ್ತಾರೆ, ಬಂಧುಬಳಗ ಅದನ್ನು ತಮ್ಮದೆಂದು ಒಪ್ಪಿಕೊಂಡಿದೆಯೇ, ತಕರಾರು ಬಂದ ದಿನ ನ್ಯಾಯಾಲಯ ಕೇಳುವುದು ಇವನ್ನೇ. ಶಾಲೆ ಕಾಲಂ ಒಂದು ಸಾಕ್ಷ್ಯ, ಅದೇ ತೀರ್ಪಲ್ಲ. ಹಾಗಂತ ಹಗುರವಾದ ಸಾಕ್ಷ್ಯವೂ ಅಲ್ಲ. ಮನೆಯಲ್ಲಿ ನಡೆಯುವುದು ಒಂದು, ಕಾಗದದಲ್ಲಿ ಇರುವುದು ಇನ್ನೊಂದು ಆದಾಗಲೇ ಜನ ಸಿಕ್ಕಿಬೀಳುವುದು.

ನಿಮ್ಮ ಮದುವೆಯ ವಿಷಯದಲ್ಲಿ ಸಮಾಧಾನ ಇರಲಿ. ವಿಶೇಷ ವಿವಾಹ ಕಾಯ್ದೆ ಇಬ್ಬರ ಧರ್ಮವನ್ನೂ ಇದ್ದ ಹಾಗೇ ಬಿಡುತ್ತದೆ. ಈ ದಾರಿ ಬಿಟ್ಟು ದೇವಸ್ಥಾನದಲ್ಲಿ ತಾಳಿ ಕಟ್ಟಿ, ಇಬ್ಬರಲ್ಲಿ ಒಬ್ಬರು ಕ್ರೈಸ್ತರಾಗಿಯೇ ಉಳಿದು, ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸಿಕೊಂಡವರಿದ್ದಾರೆ. ಅಂಥ ಮದುವೆ ಆ ಕಾಯ್ದೆಯಡಿ ಊರ್ಜಿತವಲ್ಲ ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಯಾರಾದರೂ ಆ ಸ್ಥಿತಿಯಲ್ಲಿದ್ದರೆ ವಿಶೇಷ ವಿವಾಹ ಕಾಯ್ದೆಯ 15ನೇ ಕಲಮಿನಡಿ ಈಗಲೂ ನೋಂದಣಿ ಮಾಡಿಸಿಕೊಳ್ಳಬಹುದು. ಮಗುವಿನ ಕಾಲಂಗಿಂತ ಮೊದಲು ಅದನ್ನು ಸರಿಮಾಡಿಕೊಳ್ಳಲಿ.

ದಾಖಲಾತಿ ರಿಜಿಸ್ಟರ್:

ಶಾಲೆ ಕಚೇರಿಯ ಕಡೆಯಿಂದ ಹೇಳುತ್ತೇನೆ.

ಫಾರಂನಲ್ಲಿ ನೀವು ಬರೆದದ್ದು ದಾಖಲಾತಿ ರಿಜಿಸ್ಟರಿಗೆ ಹೋಗುತ್ತದೆ, ಅಲ್ಲಿಂದ ವಿದ್ಯಾರ್ಥಿಗಳ ವಿವರ ಇಡುವ ಶಿಕ್ಷಣ ಇಲಾಖೆಯ ಎಸ್‌ಎಟಿಎಸ್ ತಂತ್ರಾಂಶಕ್ಕೆ, ಮುಂದೆ ಟಿಸಿಗೆ. ಟಿಸಿ ಇನ್ನೊಂದು ಶಾಲೆಗೆ ಹೋದಾಗ ಅವರು ಅದನ್ನೇ ನಕಲು ಮಾಡಿಕೊಳ್ಳುತ್ತಾರೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಒಂದೇ ಮಾತು ನಾಲ್ಕು ಕಾಗದದಲ್ಲಿ ಕೂತಿರುತ್ತದೆ. ಆಮೇಲೆ ತಿದ್ದಿಸಲು ಹೋದರೆ ಮುಖ್ಯೋಪಾಧ್ಯಾಯರಿಂದ ಶುರುವಾಗಿ ಬಿಇಒ ಕಚೇರಿವರೆಗೂ ಅಲೆಯಬೇಕು. ಆದ್ದರಿಂದ ಮೊದಲ ದಿನ ಅರ್ಧ ಗಂಟೆ ಹೆಚ್ಚು ಕೂತು ಬರೆಯಿರಿ.

ಸಾಮಾನ್ಯವಾಗಿ ಆಗುವ ತಪ್ಪುಗಳು ಹೀಗಿರುತ್ತವೆ. ಅಪ್ಪ ಅಮ್ಮ ಏನೂ ಬರೆದಿರುವುದಿಲ್ಲ, ಗುಮಾಸ್ತರು ಹೆಸರು ನೋಡಿ ಊಹೆಯ ಮೇಲೆ ತುಂಬಿಬಿಡುತ್ತಾರೆ. ಅಥವಾ ಅಜ್ಜ ಬಂದು ದಾಖಲು ಮಾಡಿಸಿ ತಮಗೆ ತೋಚಿದ್ದು ಹೇಳಿರುತ್ತಾರೆ. ಅಥವಾ ಧರ್ಮದ ಕಾಲಂನಲ್ಲಿ ಒಬ್ಬರದು, ಜಾತಿ ಕಾಲಂನಲ್ಲಿ ಇನ್ನೊಬ್ಬರದು. ‘ಕ್ರೈಸ್ತ’ ಅಂತ ಒಂದು ಕಡೆ, ಪಕ್ಕದಲ್ಲೇ ಹಿಂದೂ ಉಪಜಾತಿ ಇನ್ನೊಂದು ಕಡೆ. ಮುಂದೆ ನಾಡಕಚೇರಿಯಲ್ಲಿ ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದಾಗ ಗ್ರಾಮ ಆಡಳಿತಾಧಿಕಾರಿ, ರೆವಿನ್ಯೂ ಇನ್‌ಸ್ಪೆಕ್ಟರ್ ಮೊದಲು ಕೇಳುವುದೇ ಶಾಲೆ ದಾಖಲೆ. ಎರಡು ಹೊಂದದಿದ್ದರೆ ಅರ್ಜಿ ಅಲ್ಲೇ ನಿಂತುಹೋಗುತ್ತದೆ.

ಕ್ರಮ ಹೀಗಿರಲಿ. ಫಾರಂ ತುಂಬುವ ಮೊದಲು ತಂದೆ ತಾಯಿ ಇಬ್ಬರೂ ಕೂತು ತೀರ್ಮಾನಿಸಿ. ಬಿಳಿ ಹಾಳೆಯಲ್ಲಿ ಇಬ್ಬರ ಸಹಿಯ ನಾಲ್ಕು ಸಾಲಿನ ಪತ್ರ ಬರೆದು ಮದುವೆ ಪ್ರಮಾಣಪತ್ರದ ನಕಲು ಲಗತ್ತಿಸಿ ಕೊಡಿ, ಇನ್ನೊಂದು ಪ್ರತಿಗೆ ಶಾಲೆಯ ಮೊಹರು ಹಾಕಿಸಿಕೊಂಡು ಮನೆಯಲ್ಲಿಡಿ. ಜಾತಿ ಪ್ರಮಾಣಪತ್ರ ಈಗಾಗಲೇ ಇದ್ದರೆ ಅದರ ಮೇಲಿರುವ ಆರ್‌ಡಿ ನಂಬರ್ ಕೊಟ್ಟರೆ ಸಾಕು, ಅದರಲ್ಲಿ ಇದ್ದ ಹಾಗೇ ಏರುತ್ತದೆ. ಒಂದು ವಾರ ಬಿಟ್ಟು ಎಸ್‌ಎಟಿಎಸ್‌ನಲ್ಲಿ ಏನು ಏರಿದೆ ಅಂತ ಮುಖ್ಯೋಪಾಧ್ಯಾಯರ ಹತ್ತಿರ ಕೇಳಿ ನೋಡಿಕೊಳ್ಳಿ. ಈ ಕೊನೆಯ ಕೆಲಸವನ್ನು ಬಹಳ ಜನ ಮಾಡುವುದಿಲ್ಲ, ತಪ್ಪು ಉಳಿಯುವುದು ಅಲ್ಲೇ.

ಜನನ ಪ್ರಮಾಣಪತ್ರದ ಬಗ್ಗೆ ಗಾಬರಿ ಬೇಡ. ಧರ್ಮ ಇರುವುದು ಜನನ ವರದಿ ಫಾರಂನ ಅಂಕಿಅಂಶದ ಭಾಗದಲ್ಲಿ, ನಿಮ್ಮ ಕೈಗೆ ಬರುವ ಪ್ರಮಾಣಪತ್ರದಲ್ಲಿ ಅದು ಅಚ್ಚಾಗುವುದಿಲ್ಲ. 2023ರಲ್ಲಿ ನೋಂದಣಿ ಕಾಯ್ದೆಗೆ ತಿದ್ದುಪಡಿ ಆದಮೇಲೆ ಬಂದ ಮಾದರಿ ನಿಯಮಗಳಲ್ಲಿ ತಂದೆಯ ಧರ್ಮ, ತಾಯಿಯ ಧರ್ಮ ಅಂತ ಬೇರೆ ಬೇರೆ ಕೇಳುತ್ತಾರೆ. ನಿಮ್ಮಂಥವರಿಗೆ ಇದು ಅನುಕೂಲವೇ, ಇದ್ದದ್ದನ್ನು ಇದ್ದ ಹಾಗೆ ಬರೆಯಬಹುದು.

ಖಾಲಿ ಕಾಲಂ:

ಮೇಲಿನವರು ಹೇಳಿದ್ದೆಲ್ಲ ಒಪ್ಪುತ್ತೇನೆ, ಆದರೆ ‘ಯಾವುದಾದರೂ ಒಂದು ಬರೆಯಲೇಬೇಕು’ ಅನ್ನುವ ಧಾಟಿಯನ್ನು ಒಪ್ಪಲಾರೆ. 25(1)ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಧರ್ಮಾಚರಣೆಗಿಂತ ಮೊದಲು ಹೇಳುತ್ತದೆ. ಯಾವುದನ್ನೂ ನಂಬದೇ ಇರುವುದು, ಇನ್ನೂ ತೀರ್ಮಾನಿಸದೇ ಇರುವುದು ಎರಡೂ ಅದರೊಳಗೇ ಇವೆ. ಯಾರನ್ನೂ ತನ್ನ ಧರ್ಮ ಘೋಷಿಸುವಂತೆ ಸರ್ಕಾರ ಬಲವಂತ ಮಾಡುವಂತಿಲ್ಲ, ‘ಯಾವ ಧರ್ಮಕ್ಕೂ ಸೇರಿಲ್ಲ’ ಅಂತ ಹೇಳುವ ಹಕ್ಕು ಇದೆ ಅಂತ ಬಾಂಬೆ ಹೈಕೋರ್ಟ್ 2014ರಲ್ಲೇ ಹೇಳಿದೆ. ತಮಿಳುನಾಡಿನಲ್ಲಿ ಶಾಲೆ ದಾಖಲಾತಿಯಲ್ಲಿ ಜಾತಿ, ಧರ್ಮದ ಕಾಲಂ ಖಾಲಿ ಬಿಡಲು ಅವಕಾಶ ಕೊಡುವ ಸರ್ಕಾರಿ ಆದೇಶ 1973ರಿಂದಲೂ ಇದೆ, 2000ದಲ್ಲಿ ಅದನ್ನು ಮತ್ತೆ ಹೊರಡಿಸಿದರು. ಅಲ್ಲಿನ ತಿರುಪತ್ತೂರಿನ ವಕೀಲರೊಬ್ಬರು 2019ರಲ್ಲಿ ಜಾತಿ ಇಲ್ಲ, ಧರ್ಮ ಇಲ್ಲ ಅನ್ನುವ ಪ್ರಮಾಣಪತ್ರವನ್ನೇ ತಹಶೀಲ್ದಾರರಿಂದ ಪಡೆದರು. ಜನನ ನೋಂದಣಿಯಲ್ಲಿ ಅಂಥ ಆಯ್ಕೆ ಇರಬೇಕು ಅಂತ ತೆಲಂಗಾಣ ಹೈಕೋರ್ಟ್ 2023ರಲ್ಲಿ ಹೇಳಿತು. ನಮ್ಮ ರಾಜ್ಯದ 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯಲ್ಲೂ ಮಾಹಿತಿ ಕೊಡುವುದು ಸ್ವಇಚ್ಛೆಗೆ ಬಿಟ್ಟದ್ದು ಅಂತ ಜನರಿಗೆ ತಿಳಿಸಬೇಕೆಂದು ಹೈಕೋರ್ಟ್ ಆದೇಶಿಸಿತ್ತು.

ಆರು ವರ್ಷದ ಮಗುವಿಗೆ ನಂಬಿಕೆ ಅಂತ ಇರುವುದಿಲ್ಲ, ಅದಕ್ಕೆ ಇರುವುದು ಅಪ್ಪ ಅಮ್ಮನ ಅಭ್ಯಾಸ. ಅದನ್ನು ‘ಮಗುವಿನ ಧರ್ಮ’ ಅಂತ ಬರೆಯುವುದೇ ಸರಿಯಲ್ಲ. ಖಾಲಿ ಬಿಡಿ, 18 ಆದಮೇಲೆ ಅದೇ ಬರೆದುಕೊಳ್ಳಲಿ.

ಖಾಲಿ ಬಿಡುವುದಕ್ಕೂ ಒಂದು ಕ್ರಮ ಇದೆ. ಬರೀ ಖಾಲಿ ಬಿಟ್ಟರೆ ಗುಮಾಸ್ತರು ತುಂಬುತ್ತಾರೆ, ದಾಖಲಾತಿ ರಿಜಿಸ್ಟರ್ ಅವರು ಹೇಳಿದ್ದು ಅದೇ. ‘ನಮೂದಿಸಲು ಇಚ್ಛಿಸಿಲ್ಲ’ ಅಂತ ಅಕ್ಷರದಲ್ಲಿ ಬರೆದು ಪಕ್ಕದಲ್ಲಿ ಸಹಿ ಹಾಕಿ. ತಂತ್ರಾಂಶದಲ್ಲಿ ಆ ಆಯ್ಕೆ ಇಲ್ಲ ಅಂದರೆ ‘ಇತರೆ’ ಅಂತ ಹಾಕಲು ಕೇಳಿ.

ಗೋದ್ರೆ ಬೀದಿ:

ಖಾಲಿ ಕಾಲಂ ಸರ್, ತತ್ವ ಚೆನ್ನಾಗಿದೆ. ಆದರೆ ಈ ಸಲಹೆಯನ್ನು ಎಲ್ಲರಿಗೂ ಕೊಡಬೇಡಿ. ಪರಿಶಿಷ್ಟ ಜಾತಿಯ ಕುಟುಂಬಕ್ಕೆ ಆ ಒಂದು ಕಾಲಂ ಅಂದರೆ ಹಾಸ್ಟೆಲ್ಲು, ವಿದ್ಯಾರ್ಥಿವೇತನ, ಸೀಟು, ಕೆಲಸ. 1950ರ ಪರಿಶಿಷ್ಟ ಜಾತಿಗಳ ಆದೇಶದ 3ನೇ ಪ್ಯಾರಾ ಪ್ರಕಾರ ಹಿಂದೂ, 1956ರಲ್ಲಿ ಆ ಪ್ಯಾರಾಕ್ಕೆ ಸೇರಿಸಿದ ಸಿಖ್, 1990ರಲ್ಲಿ ಸೇರಿಸಿದ ಬೌದ್ಧ, ಈ ಮೂರು ಧರ್ಮಗಳ ಹೊರಗಿನವರು ಪರಿಶಿಷ್ಟ ಜಾತಿ ಆಗುವುದಿಲ್ಲ. ಇದು ನ್ಯಾಯವೇ ಅನ್ನುವುದು ಬೇರೆ ಚರ್ಚೆ. ನಂಬಿಕೆ ಬದಲಿಸಿದ ಮಾತ್ರಕ್ಕೆ ಊರಿನವರು ನೋಡುವ ರೀತಿ ಬದಲಾಗುವುದಿಲ್ಲ, ಆದರೂ ಸೌಲಭ್ಯ ಹೋಗುತ್ತದೆ. ನನ್ನ ಪ್ರಕಾರ ಈ ದೇಶದಲ್ಲಿ ನಂಬಿಕೆಯ ಸ್ವಾತಂತ್ರ್ಯಕ್ಕೆ ಇಷ್ಟು ದೊಡ್ಡ ಬೆಲೆ ಕಟ್ಟಿರುವುದು ಇನ್ನೆಲ್ಲೂ ಇಲ್ಲ. ಪರಿಶಿಷ್ಟ ಪಂಗಡದವರಿಗೆ ಈ ಧರ್ಮದ ಷರತ್ತು ಇಲ್ಲ. ಕ್ರೈಸ್ತರಾದ ಪರಿಶಿಷ್ಟ ಜಾತಿಯವರು ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ 1ಕ್ಕೆ ಬರುತ್ತಾರೆ, ಉಳಿದ ಕ್ರೈಸ್ತರು 3ಬಿಗೆ.

ಮಿಶ್ರ ಮದುವೆಯ ಮಕ್ಕಳಿಗೆ ಎರಡು ತೀರ್ಪು ಮುಖ್ಯ. 2012ರ ಗುಜರಾತಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಅಂತರ್ಜಾತಿ ಮದುವೆಯಲ್ಲಿ ಮಗುವಿನದು ತಂದೆಯ ಜಾತಿ ಅಂತ ಮೊದಲಿಗೆ ಊಹಿಸಬಹುದು, ಆದರೆ ಆ ಊಹೆಯನ್ನು ಮುರಿಯಬಹುದು. ಮಗು ತಾಯಿಯ ಸಮುದಾಯದಲ್ಲೇ ಬೆಳೆದು, ಅದೇ ಅವಮಾನ, ಅದೇ ಕೊರತೆ ಉಂಡಿದೆ ಅಂತ ತೋರಿಸಿದರೆ ತಾಯಿಯ ಜಾತಿ ಸಿಗುತ್ತದೆ. ಇಲ್ಲೂ ಪಾಲನೆಯೇ ನಿರ್ಣಾಯಕ, ಕೋರ್ಟು ಕಟ್ಟೆಯವರು ಹೇಳಿದ ಹಾಗೆ.

ಇನ್ನೊಂದು 2024ರ ನವೆಂಬರಿನ ಪುದುಚೇರಿ ಪ್ರಕರಣ. ಅರ್ಜಿದಾರರು ಹಿಂದೂ ಪರಿಶಿಷ್ಟ ಜಾತಿ ಅಂತ ಪ್ರಮಾಣಪತ್ರ ಕೇಳಿದ್ದರು. ವಿಚಾರಣೆಯಲ್ಲಿ ಶೈಶವದಲ್ಲೇ ಜ್ಞಾನಸ್ನಾನ ಆಗಿದ್ದು, ಚರ್ಚಿಗೆ ನಿಯಮಿತವಾಗಿ ಹೋಗುತ್ತಿದ್ದದ್ದು ಕಂಡುಬಂತು. ಕೇವಲ ಮೀಸಲಾತಿಗಾಗಿ ಹಿಂದೂ ಅಂತ ಹೇಳಿಕೊಳ್ಳುವುದನ್ನು ಒಪ್ಪಲು ಆಗುವುದಿಲ್ಲ ಅಂತ ನ್ಯಾಯಾಲಯ ತಳ್ಳಿಹಾಕಿತು. ಮರಳಿ ಬರುವವರಿಗೂ ದಾರಿ ಇದೆ, ಅದನ್ನು 2015ರ ಕೇರಳದ ಪ್ರಕರಣ ಹೇಳುತ್ತದೆ: ಮೂಲ ಜಾತಿಗೆ ಸೇರಿದವರು ಅನ್ನುವುದಕ್ಕೆ ಸ್ಪಷ್ಟ ಪುರಾವೆ, ಮೂಲ ಧರ್ಮಕ್ಕೆ ಮರಳಿದ್ದಕ್ಕೆ ಪುರಾವೆ, ಆ ಸಮುದಾಯ ಒಪ್ಪಿಕೊಂಡಿದ್ದಕ್ಕೆ ಪುರಾವೆ. ಮೂರೂ ಬೇಕು.

ಜಿಲ್ಲಾ ಜಾತಿ ಪರಿಶೀಲನಾ ಸಮಿತಿಗೆ ಪ್ರಮಾಣಪತ್ರ ಹೋಗುವುದು ಕೆಲಸ ಸಿಕ್ಕಿದಾಗ. ಆ ಹೊತ್ತಿಗೆ ಮಗುವಿಗೆ 24 ವಯಸ್ಸಾಗಿರುತ್ತದೆ, ದೂರು ಬಂದರೆ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯದವರು ಮನೆಬಾಗಿಲಿಗೆ ಬಂದು ನೆರೆಹೊರೆಯವರನ್ನು ಕೇಳುತ್ತಾರೆ. ಆರನೇ ವಯಸ್ಸಿನ ಫಾರಂ, ಇಪ್ಪತ್ತನಾಲ್ಕನೇ ವಯಸ್ಸಿನ ಮಹಜರು ಎರಡೂ ಒಂದೇ ಮಾತು ಹೇಳಬೇಕು.

ನೇತ್ರಾವತಿ:

ತಾಯಿ ಕ್ಯಾಥೊಲಿಕ್ ಅಂದಿದ್ದೀರಿ, ಹಾಗಾಗಿ ಧರ್ಮಸಭೆಯ ನಿಯಮ ಹೇಳುತ್ತೇನೆ. ಚರ್ಚಿನಲ್ಲಿ ಮಿಶ್ರ ಮದುವೆಗೆ ಧರ್ಮಾಧ್ಯಕ್ಷರ (ಬಿಷಪ್) ಅನುಮತಿ ಬೇಕು. ಅದಕ್ಕಾಗಿ ಕ್ಯಾಥೊಲಿಕ್ ಸಂಗಾತಿ ‘ಮಕ್ಕಳಿಗೆ ಜ್ಞಾನಸ್ನಾನ ಕೊಡಿಸಿ ಕ್ಯಾಥೊಲಿಕರಾಗಿ ಬೆಳೆಸಲು ನನ್ನ ಕೈಲಾದದ್ದೆಲ್ಲ ಮಾಡುತ್ತೇನೆ’ ಅಂತ ಮಾತು ಕೊಡಬೇಕಾಗುತ್ತದೆ. ಇನ್ನೊಬ್ಬ ಸಂಗಾತಿಗೆ ಈ ಮಾತು ಗೊತ್ತಿರಬೇಕು, ಆದರೆ ಅವರು ಅದಕ್ಕೆ ಸಹಿ ಮಾಡಬೇಕಾಗಿಲ್ಲ. ‘ಕೈಲಾದದ್ದು’ ಅನ್ನುವ ಶಬ್ದಕ್ಕೆ ತೂಕ ಇದೆ. ಮದುವೆ ಒಡೆಯುವಷ್ಟು ಜಗಳ ಮಾಡಿ ಜ್ಞಾನಸ್ನಾನ ಕೊಡಿಸು ಅಂತ ಅದರ ಅರ್ಥವಲ್ಲ.

ಶಿಶುವಿಗೆ ಜ್ಞಾನಸ್ನಾನ ಕೊಡಲು ತಂದೆ ತಾಯಿಯಲ್ಲಿ ಒಬ್ಬರಾದರೂ ಒಪ್ಪಬೇಕು, ಮಗು ಆ ವಿಶ್ವಾಸದಲ್ಲೇ ಬೆಳೆಯುತ್ತದೆ ಅನ್ನುವ ಭರವಸೆಗೆ ಆಧಾರ ಇರಬೇಕು. ಆಧಾರವೇ ಇಲ್ಲದಿದ್ದರೆ ಗುರುಗಳು ಮುಂದೂಡಬೇಕು ಅಂತಲೇ ನಿಯಮ. ಹಾಗಾಗಿ ಅಜ್ಜಿ ಒಬ್ಬರೇ ಎತ್ತಿಕೊಂಡು ಹೋಗಿ ಗುಟ್ಟಾಗಿ ಮಾಡಿಸುವುದು ಕ್ರಮವಲ್ಲ.

ಒಂದು ಮಾತು ಮೊದಲೇ ತಿಳಿದಿರಲಿ: ಜ್ಞಾನಸ್ನಾನದ ರಿಜಿಸ್ಟರಿನಲ್ಲಿ ಒಮ್ಮೆ ಬರೆದದ್ದನ್ನು ಅಳಿಸುವುದಿಲ್ಲ. ದೊಡ್ಡವರಾದಮೇಲೆ ಯಾರಾದರೂ ಸಭೆಯನ್ನು ಬಿಟ್ಟರೆ ಪಕ್ಕದಲ್ಲಿ ಟಿಪ್ಪಣಿ ಹಾಕುತ್ತಾರೆ, ಅಷ್ಟೆ. ನಂಬಿಕೆಯ ದೃಷ್ಟಿಯಲ್ಲಿ ಅದು ಶಾಶ್ವತ ಗುರುತು. ಪುದುಚೇರಿ ಪ್ರಕರಣದಲ್ಲಿ ಆದ ಹಾಗೆ, ನ್ಯಾಯಾಲಯದಲ್ಲಿ ಅದೇ ಪುಟ ಸಾಕ್ಷ್ಯವಾಗುತ್ತದೆ. ಎರಡೂ ಕಡೆಯವರನ್ನು ಸಮಾಧಾನ ಮಾಡಲು ನಾಮಕರಣವೂ ಆಗಲಿ, ಜ್ಞಾನಸ್ನಾನವೂ ಆಗಲಿ ಅನ್ನುವ ಮನೆಗಳು ಇದನ್ನು ಯೋಚಿಸಿರುವುದಿಲ್ಲ.

ಸಹ್ಯಾದ್ರಿ ಓದುಗ:

ಕಾಗದದ ವಿಚಾರ ಸಾಕಷ್ಟು ಬಂತು. ಮೂಲ ಪ್ರಶ್ನೆಯ ಇನ್ನೊಂದು ಅರ್ಧಕ್ಕೆ ಬರೋಣ.

ಪಾಲನೆಯ ಬಲ ಎಷ್ಟು ಅನ್ನುವುದಕ್ಕೆ ಅಂಕಿ ಇದೆ. ಪ್ಯೂ ಸಂಶೋಧನಾ ಕೇಂದ್ರ 2019ರ ಕೊನೆಯಿಂದ 2020ರ ಆರಂಭದವರೆಗೆ ಭಾರತದಲ್ಲಿ ಸುಮಾರು 30 ಸಾವಿರ ವಯಸ್ಕರನ್ನು 17 ಭಾಷೆಗಳಲ್ಲಿ ಮಾತಾಡಿಸಿ 2021ರಲ್ಲಿ ವರದಿ ಕೊಟ್ಟಿತು. ‘ಯಾವ ಧರ್ಮದಲ್ಲಿ ಬೆಳೆದಿರಿ, ಈಗ ಯಾವುದು’ ಅನ್ನುವ ಎರಡು ಪ್ರಶ್ನೆಗೂ ಶೇ 98 ಮಂದಿ ಒಂದೇ ಉತ್ತರ ಕೊಟ್ಟರು. ಅದೇ ಸಂಸ್ಥೆಯ ಅಮೆರಿಕದ 2023–24ರ ಸಮೀಕ್ಷೆಯಲ್ಲಿ ಶೇ 35 ಮಂದಿ ಬಾಲ್ಯದ ಧರ್ಮದಲ್ಲಿ ಉಳಿದಿರಲಿಲ್ಲ. ಇದನ್ನು ನಮ್ಮವರ ನಂಬಿಕೆ ಗಟ್ಟಿ, ಅಲ್ಲಿಯವರದು ಸಡಿಲ ಅಂತ ಓದಿದರೆ ತಪ್ಪಾಗುತ್ತದೆ. ನಮ್ಮಲ್ಲಿ ಧರ್ಮ ಬರೀ ನಂಬಿಕೆ ಅಲ್ಲ. ಊಟ, ಹೆಸರು, ಮನೆದೇವರು, ಮದುವೆ ಸಂಬಂಧ, ಬಾಡಿಗೆ ಮನೆ, ಸ್ಮಶಾನ ಎಲ್ಲ ಅದರ ಜೊತೆ ಹೆಣೆದುಕೊಂಡಿವೆ. ದೇವರಲ್ಲಿ ನಂಬಿಕೆ ಹೋದವರೂ ಆ ಶೇ 98ರ ಒಳಗೇ ಇದ್ದಾರೆ. ಖಾಲಿ ಕಾಲಂ ಅವರು 18ಕ್ಕೆ ಆರಿಸಿಕೊಳ್ಳಲಿ ಅಂದರು. ಯಾವುದನ್ನೂ ಕಲಿಸದೆ ಬೆಳೆಸಿದರೆ 18ಕ್ಕೆ ಆಯ್ಕೆ ತಾನಾಗಿ ಬರುವುದಿಲ್ಲ. ಆ ಜಾಗವನ್ನು ಬೀದಿ, ಮೊಬೈಲು, ನೆಂಟರು ತುಂಬುತ್ತಾರೆ. ಕನ್ನಡವನ್ನೂ ಮಗುವನ್ನು ಕೇಳಿ ಕಲಿಸುವುದಿಲ್ಲ, ಆದರೂ ಮುಂದೆ ಅದು ಬೇರೆ ಭಾಷೆ ಕಲಿಯದಂತೆ ಬಾಗಿಲು ಹಾಕುವುದಿಲ್ಲವಲ್ಲ.

ವಯಸ್ಸಿಗೆ ತಕ್ಕ ಹಾಗೆ ಏನು ಮಾಡಬಹುದು ಅಂದರೆ, ಆರೇಳು ವರ್ಷದವರೆಗೆ ಮಕ್ಕಳಿಗೆ ಧರ್ಮ ಅಂದರೆ ವಾಸನೆ, ರುಚಿ, ಹಾಡು. ಗಣಪತಿ ಹಬ್ಬದ ಕಡುಬು, ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿ. ಎರಡೂ ಮನೆಯಲ್ಲಿ ಇರಲಿ, ಮಗುವಿಗೆ ಗೊಂದಲ ಆಗುವುದಿಲ್ಲ. ಗೊಂದಲ ಆಗುವುದು ಅಜ್ಜಿಯೊಬ್ಬರು ‘ಅವರ ದೇವರು ಸುಳ್ಳು’ ಅಂದಾಗ. ಏಳರಿಂದ ಹನ್ನೊಂದರ ನಡುವೆ ‘ನಾವು ಯಾರು’ ಅನ್ನುವ ಪ್ರಶ್ನೆ ಶಾಲೆಯಿಂದ ಬರುತ್ತದೆ, ಯಾಕೆಂದರೆ ಪಕ್ಕದ ಬೆಂಚಿನ ಮಗು ಕೇಳಿರುತ್ತದೆ. ಆಗ ಕೊಡಲು ನಿಜವಾದ, ಚಿಕ್ಕ ಉತ್ತರವೊಂದು ತಯಾರಿರಲಿ: ‘ಅಪ್ಪ ಹಿಂದೂ, ಅಮ್ಮ ಕ್ರೈಸ್ತರು, ನಮ್ಮ ಮನೆಯಲ್ಲಿ ಎರಡೂ ಹಬ್ಬ ಮಾಡುತ್ತೇವೆ.’ ಉತ್ತರವೇ ಇಲ್ಲದ ಮಗು ಅಲ್ಲಿ ನಾಚಿಕೊಳ್ಳುತ್ತದೆ. ಹನ್ನೆರಡು ದಾಟಿದಮೇಲೆ ‘ಯಾಕೆ’ ಶುರು. ಆ ವಯಸ್ಸಿನಲ್ಲಿ ಪ್ರಶ್ನೆಯನ್ನು ಗದರಿಸಿ ಕೂರಿಸಿದರೆ ಮಗು ನಂಬುವುದನ್ನು ಕಲಿಯುವುದಿಲ್ಲ, ಮುಚ್ಚಿಡುವುದನ್ನು ಕಲಿಯುತ್ತದೆ.

ವಿಧಿಗಳಲ್ಲಿ ನಾನು ಒಂದು ಗೆರೆ ಎಳೆಯುತ್ತೇನೆ. ಮುಂದೆ ಮಗು ಬೇಡ ಅಂದರೆ ಬಿಡಬಹುದಾದವು ಒಂದು ಬಗೆ: ಕಿವಿ ಚುಚ್ಚುವುದು, ಅಕ್ಷರಾಭ್ಯಾಸ, ಲಿಂಗಧಾರಣೆ, ಉಪನಯನ. ಹಿಂದಕ್ಕೆ ತರಲಾಗದವು ಇನ್ನೊಂದು ಬಗೆ: ಖತ್ನಾ (ಸುನ್ನತಿ), ಸನ್ಯಾಸ ದೀಕ್ಷೆಗೆ ಮಗುವನ್ನು ಒಪ್ಪಿಸುವುದು, ಹರಕೆ ಹೊತ್ತು ಬಿಡುವುದು. ದೇವದಾಸಿ ಸಮರ್ಪಣೆಯನ್ನು ಕರ್ನಾಟಕ 1982ರ ಕಾಯ್ದೆಯಲ್ಲಿ ನಿಷೇಧಿಸಿದ್ದು ಈ ಗೆರೆಯ ಮೇಲೇ. ಅಲ್ಲಿ ನಂಬಿಕೆಯ ಹೆಸರಿನಲ್ಲಿ ತೀರ್ಮಾನ ಮಾಡಿದವರು ಒಬ್ಬರು, ಬದುಕು ಕಳೆದುಕೊಂಡವಳು ಇನ್ನೊಬ್ಬಳು.

ದಾಖಲಾತಿ ರಿಜಿಸ್ಟರ್:

ಖತ್ನಾವನ್ನು ಆ ಎರಡನೇ ಬಗೆಗೆ ಸೇರಿಸಿದ್ದು ಸರಿ, ಆದರೆ ಹರಕೆ, ದೇವದಾಸಿ ಜೊತೆ ಒಂದೇ ಸಾಲಿನಲ್ಲಿ ಇಟ್ಟದ್ದು ಸರಿ ಅನ್ನಿಸಲಿಲ್ಲ. ಹಾನಿಯ ಪ್ರಮಾಣವೇ ಬೇರೆ.

ಸಹ್ಯಾದ್ರಿ ಓದುಗ:

ಒಪ್ಪುತ್ತೇನೆ. ಹಿಂದಕ್ಕೆ ಬರುವುದಿಲ್ಲ ಅನ್ನುವ ಒಂದೇ ಅಂಶಕ್ಕೆ ಸೇರಿಸಿದ್ದು, ತೂಕ ಒಂದೇ ಅಲ್ಲ. ಖತ್ನಾ ಮಾಡಿಸುವವರು ತರಬೇತಿ ಪಡೆದ ವೈದ್ಯರಿಂದ, ಮರಗಟ್ಟುವ ಮದ್ದು ಕೊಡಿಸಿ ಮಾಡಿಸಲಿ. ರಕ್ತ ಹೆಪ್ಪುಗಟ್ಟದ ಕಾಯಿಲೆ ಮನೆತನದಲ್ಲಿ ಇದ್ದರೆ ಮೊದಲೇ ಹೇಳಬೇಕು.

ಶಾಲೆ ಗಂಟೆ:

ಶಾಲೆಯ ಪ್ರಾರ್ಥನೆ ವಿಷಯ ಯಾರೂ ಎತ್ತಿಲ್ಲ. 28ನೇ ವಿಧಿ ಓದಿ. ಪೂರ್ತಿ ಸರ್ಕಾರಿ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆಯೇ ಇಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಯಾವ ಶಾಲೆಯಲ್ಲೂ, ಅದು ಮಠದ್ದಿರಲಿ, ಚರ್ಚಿನದಿರಲಿ, ಪಾಲಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೋ ಪೂಜೆಗೋ ಕೂರಿಸುವಂತಿಲ್ಲ. ಅಲ್ಪಸಂಖ್ಯಾತ ಸಂಸ್ಥೆಗೂ ಇದರಿಂದ ವಿನಾಯಿತಿ ಇಲ್ಲ.

ಬಳಸುವುದು ಹೇಗೆ? ವರ್ಷದ ಆರಂಭದಲ್ಲೇ ಮುಖ್ಯೋಪಾಧ್ಯಾಯರಿಗೆ ಬರೆದುಕೊಡಿ: ‘28(3)ನೇ ವಿಧಿಯಂತೆ ನಮ್ಮ ಮಗು ಧಾರ್ಮಿಕ ಬೋಧನೆಯಲ್ಲಿ ಭಾಗವಹಿಸುವುದಕ್ಕೆ ನಮ್ಮ ಒಪ್ಪಿಗೆ ಇಲ್ಲ. ಆ ಅವಧಿಯಲ್ಲಿ ವಾಚನಾಲಯದಲ್ಲಿ ಕೂರಲು ಅವಕಾಶ ಕೊಡಿ.’ ಎರಡನೇ ವಾಕ್ಯ ಬಿಡಬೇಡಿ. ಬರೀ ಬೇಡ ಅಂದರೆ ಮಗುವನ್ನು ಕಾರಿಡಾರಿನಲ್ಲಿ ನಿಲ್ಲಿಸುತ್ತಾರೆ, ಅದು ಶಿಕ್ಷೆಯಂತೆ ಕಾಣುತ್ತದೆ. ಮಗುವಿಗೆ ಆ ತರಗತಿ ಇಷ್ಟವಾಗಿ, ಗೆಳೆಯರ ಜೊತೆ ಕೂರಬೇಕು ಅನ್ನಿಸಿದ್ದರೆ ಪತ್ರವನ್ನೇ ಕೊಡಬೇಡಿ. ಹಕ್ಕು ಇದೆ ಅಂತ ಮಗುವಿನ ಮೂಲಕ ದೊಡ್ಡವರ ಹೋರಾಟ ನಡೆಸುವುದು ಬೇಡ.

ಮಗುವಿನ ಆತ್ಮಸಾಕ್ಷಿಗೆ ನಮ್ಮಲ್ಲಿ ಬೆಲೆ ಇದೆಯೇ ಅಂತ ಕೇಳುವವರಿಗೆ 1986ರ ಬಿಜೋ ಇಮ್ಯಾನುಯೆಲ್ ತೀರ್ಪು ಉತ್ತರ. ಕೇರಳದ ‘ಯೆಹೋವನ ಸಾಕ್ಷಿಗಳು’ ಅನ್ನುವ ಕ್ರೈಸ್ತ ಪಂಗಡದ ಮನೆಯ ಮೂರು ಮಕ್ಕಳು, 10, 9 ಮತ್ತು 5ನೇ ಕ್ಲಾಸಿನವರು, ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1985ರ ಜುಲೈನಲ್ಲಿ ಶಾಲೆಯಿಂದ ಹೊರಹಾಕಿದರು. ಅದು ಅವರ ಆತ್ಮಸಾಕ್ಷಿಯ ಹಕ್ಕಿನ ಉಲ್ಲಂಘನೆ, ಮರಳಿ ಸೇರಿಸಿಕೊಳ್ಳಿ ಅಂತ ಸುಪ್ರೀಂ ಕೋರ್ಟ್ ಹೇಳಿತು. ಆ ನಂಬಿಕೆ ಬಂದದ್ದು ಮನೆಯ ಪಾಲನೆಯಿಂದಲೇ. ಹಾಗಂತ ಅದು ಮಕ್ಕಳ ಸ್ವಂತದ್ದಲ್ಲ ಅಂತ ನ್ಯಾಯಾಲಯ ತಳ್ಳಿಹಾಕಲಿಲ್ಲ, ಪ್ರಾಮಾಣಿಕವಾಗಿ ನಂಬಿದ್ದಾರೆಯೇ ಅನ್ನುವುದನ್ನು ಮಾತ್ರ ನೋಡಿತು.

ಮೈನ್ ನದಿ ತೀರ:

ಜರ್ಮನಿಯಲ್ಲಿರುವ ಕನ್ನಡಿಗರಿಗೆ ಇದೇ ಕಾಲಂ ಬೇರೆ ರೀತಿಯಲ್ಲಿ ತಗಲುತ್ತದೆ. ಬಾಡಿಗೆ ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು, ಆ ಫಾರಂನಲ್ಲಿ ಧರ್ಮ ಕೇಳುತ್ತಾರೆ. ಮಂಗಳೂರಿನ ಕ್ಯಾಥೊಲಿಕರು ಭಾರತದ ಅಭ್ಯಾಸದಂತೆ ‘ರೋಮನ್ ಕ್ಯಾಥೊಲಿಕ್’ ಅಂತ ಬರೆದರೆ ಸಂಬಳದಿಂದ ಚರ್ಚ್ ತೆರಿಗೆ ಕಡಿತವಾಗಲು ಶುರುವಾಗುತ್ತದೆ. ಬವೇರಿಯ ಮತ್ತು ಬಾಡೆನ್ ವ್ಯೂರ್ಟೆಂಬರ್ಗಿನಲ್ಲಿ ಆದಾಯ ತೆರಿಗೆಯ ಶೇ 8, ಉಳಿದ ಕಡೆ ಶೇ 9. ಸಂಬಳದ ಶೇ 9 ಅಲ್ಲ, ತೆರಿಗೆಯ ಶೇ 9. ತಿಂಗಳಿಗೆ 500 ಯೂರೊ ಆದಾಯ ತೆರಿಗೆ ಇದ್ದರೆ 45 ಯೂರೊ. ಸದಸ್ಯರಾಗಿದ್ದುಕೊಂಡು ಸುಳ್ಳು ಬರೆಯಿರಿ ಅಂತ ಹೇಳುತ್ತಿಲ್ಲ, ಗೊತ್ತಿದ್ದು ಬರೆಯಿರಿ. ಬಿಡಬೇಕೆಂದರೆ ಗುರುಗಳಿಗೆ ಹೇಳಿದರೆ ಆಗುವುದಿಲ್ಲ. ರಾಜ್ಯಕ್ಕೆ ತಕ್ಕ ಹಾಗೆ ಸ್ಥಳೀಯ ನ್ಯಾಯಾಲಯ ಅಥವಾ ನೋಂದಣಿ ಕಚೇರಿಗೆ ಹೋಗಿ ಹೇಳಿಕೆ ಕೊಡಬೇಕು. ಅವರು ಕೊಡುವ ಪತ್ರವನ್ನು ಜೀವಮಾನ ಇಟ್ಟುಕೊಳ್ಳಿ.

ಮಕ್ಕಳ ವಿಷಯದಲ್ಲಿ ಇಲ್ಲಿಯ 1921ರ ಕಾನೂನು ವಯಸ್ಸಿನ ಮೆಟ್ಟಿಲು ಹಾಕಿದೆ. ಪಾಲಕರ ನಡುವೆ ತಕರಾರು ಬಂದು ವಿಷಯ ನ್ಯಾಯಾಲಯಕ್ಕೆ ಹೋದರೆ 10 ದಾಟಿದ ಮಗುವಿನ ಮಾತು ಕೇಳಬೇಕು. 12 ದಾಟಿದ ಮಗುವನ್ನು ಅದರ ಇಚ್ಛೆಗೆ ವಿರುದ್ಧವಾಗಿ ಬೇರೆ ಧರ್ಮದಲ್ಲಿ ಬೆಳೆಸುವಂತಿಲ್ಲ. 14 ತುಂಬಿದರೆ ತೀರ್ಮಾನ ಪೂರ್ತಿ ಮಗುವಿನದೇ. ಶಾಲೆಯ ಧರ್ಮ ತರಗತಿಯಿಂದ ತಾನಾಗಿ ಹೊರಬರುವ ವಯಸ್ಸು ಬವೇರಿಯ, ಸಾರ್ಲಾಂಡ್ ರಾಜ್ಯಗಳಲ್ಲಿ 18. ನೂರು ವರ್ಷದ ಹಿಂದೆಯೇ ಇಷ್ಟು ಸ್ಪಷ್ಟವಾಗಿ ಬರೆದರು ಅನ್ನುವುದು ನನಗೆ ಮೆಚ್ಚುಗೆ.

ಕೋರ್ಟು ಕಟ್ಟೆ:

ಮೈನ್ ನದಿ ತೀರ ಅವರೇ, ನಮ್ಮಲ್ಲಿ ಇಲ್ಲದೇ ಇರುವುದು ಆ ಮೆಟ್ಟಿಲೇ. ಇಂತಿಷ್ಟು ವಯಸ್ಸಿಗೆ ಮಗು ತನ್ನ ಧರ್ಮ ತೀರ್ಮಾನಿಸಬಹುದು ಅಂತ ಹೇಳುವ ಕೇಂದ್ರ ಕಾಯ್ದೆ ಇಲ್ಲ. 1992ರಲ್ಲಿ ಭಾರತ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೇ ವಿಧಿ ಮಗುವಿನ ಆತ್ಮಸಾಕ್ಷಿಯನ್ನು ಗೌರವಿಸಬೇಕು, ಪಾಲಕರ ಮಾರ್ಗದರ್ಶನ ಮಗು ಬಲಿತ ಹಾಗೆ ಹೊಂದಿಕೊಳ್ಳಬೇಕು ಅನ್ನುತ್ತದೆ. 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯ 17ನೇ ಕಲಮಿನಲ್ಲಿ ಪಾಲಕರನ್ನು ನೇಮಿಸುವಾಗ ಮಗುವಿನ ಧರ್ಮವನ್ನೂ, ಮಗು ವಿವೇಚನೆಯಿಂದ ಹೇಳುವಷ್ಟು ದೊಡ್ಡದಾಗಿದ್ದರೆ ಅದರ ಇಷ್ಟವನ್ನೂ ನೋಡಬೇಕು ಅಂತಿದೆ. ಮದುವೆಗೆ ಮೊದಲು ‘ಮಕ್ಕಳನ್ನು ಇಂಥ ಧರ್ಮದಲ್ಲೇ ಬೆಳೆಸುತ್ತೇವೆ’ ಅಂತ ಛಾಪಾ ಕಾಗದದಲ್ಲಿ ಬರೆದುಕೊಂಡವರಿದ್ದಾರೆ, ಅದು ನ್ಯಾಯಾಲಯವನ್ನು ಕಟ್ಟಿಹಾಕುವುದಿಲ್ಲ. ಮಗುವಿನ ಹಿತವೇ ಮೇಲು.

ಆಸ್ತಿಯ ಪ್ರಶ್ನೆಗೆ ಬರುತ್ತೇನೆ. ಹಿಂದೂ ಒಬ್ಬರು ಬೇರೆ ಧರ್ಮದವರನ್ನು ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದರೆ 19ನೇ ಕಲಮಿನಂತೆ ಅವಿಭಕ್ತ ಕುಟುಂಬದಿಂದ ಬೇರೆಯಾದಂತೆ. ಬೇರೆಯಾದದ್ದು, ಪಾಲು ಕಳೆದುಕೊಂಡದ್ದಲ್ಲ. 21ನೇ ಕಲಮಿನಂತೆ ಗಂಡ, ಹೆಂಡತಿ, ಅವರ ಮಕ್ಕಳ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಅಲ್ಲಿ ಮಗುವಿನ ಧರ್ಮ ಯಾವುದು ಅಂತ ಯಾರೂ ಕೇಳುವುದಿಲ್ಲ. ಮುಸ್ಲಿಂ ಸಂಗಾತಿ ಇದ್ದರೂ ಇದೇ, ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಉಯಿಲು ಬರೆಯಬಾರದು ಅನ್ನುವ ಮುಸ್ಲಿಂ ಕಾನೂನಿನ ಮಿತಿ ಅವರಿಗೆ ತಟ್ಟುವುದಿಲ್ಲ. ಇಬ್ಬರೂ ಹಿಂದೂ, ಬೌದ್ಧ, ಸಿಖ್, ಜೈನರಲ್ಲೇ ಆಗಿದ್ದರೆ 1976ರ ತಿದ್ದುಪಡಿಯಂತೆ ಹಿಂದೂ ಉತ್ತರಾಧಿಕಾರವೇ ಉಳಿಯುತ್ತದೆ.

ಎಡವುವುದು ಮತಾಂತರ ಆದಾಗ. ಧರ್ಮ ಬದಲಿಸಿದವರ ಸ್ವಂತ ಹಕ್ಕು ಉಳಿಯುತ್ತದೆ. ಆದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೇ ಕಲಮು ಹೇಳುವಂತೆ, ಮತಾಂತರದ ನಂತರ ಹುಟ್ಟಿದ ಮಕ್ಕಳು ಹಿಂದೂ ಬಂಧುಗಳ ಆಸ್ತಿಗೆ ವಾರಸುದಾರರಾಗುವುದಿಲ್ಲ, ವಾರಸು ತೆರೆಯುವ ಹೊತ್ತಿಗೆ, ಅಂದರೆ ಆ ಬಂಧು ತೀರಿಕೊಂಡಾಗ, ಆ ಮಕ್ಕಳು ಹಿಂದೂ ಆಗಿದ್ದರೆ ಮಾತ್ರ ಸಿಗುತ್ತದೆ. ಅಜ್ಜ ಉಯಿಲು ಬರೆದಿಟ್ಟರೆ ಆ ತೊಡಕು ಇಲ್ಲ. 1956ರ ಪಾಲಕತ್ವ ಕಾಯ್ದೆಯ 6ನೇ ಕಲಮಿನಂತೆ ಹಿಂದೂ ಧರ್ಮ ಬಿಟ್ಟ ತಂದೆಯಾಗಲಿ ತಾಯಿಯಾಗಲಿ ಸ್ವಾಭಾವಿಕ ಪಾಲಕರಾಗಿ ಉಳಿಯುವುದಿಲ್ಲ ಅನ್ನುವುದೂ ತಿಳಿದಿರಲಿ. ತಾಯಿಯೊಬ್ಬಳು ನಂಬಿಕೆ ಬದಲಿಸಿದ ಮಾತ್ರಕ್ಕೆ ಕಾಗದದ ಮೇಲೆ ಮಗುವಿಗೆ ದೂರವಾಗುವುದು ನನಗೆ ನೋವಿನ ವಿಷಯ. ನ್ಯಾಯಾಲಯಗಳು ಮಗುವಿನ ಹಿತ ನೋಡಿ ಕೊಂಚ ಮೆತ್ತಗೆ ಓದುತ್ತವೆ, ಆದರೂ ಕಲಮು ಹಾಗೇ ಇದೆ.

ಮಲಪ್ರಭಾ ದಂಡೆ:

ಬಹಳ ಉಪಕಾರ. ಇನ್ನೊಂದೇ ಪ್ರಶ್ನೆ. ಹದಿಮೂರು, ಹದಿನಾಲ್ಕರ ವಯಸ್ಸಿನಲ್ಲಿ ಮಗು ‘ನನಗೆ ಇದರಲ್ಲಿ ನಂಬಿಕೆ ಇಲ್ಲ’ ಅಂದರೆ, ಅಥವಾ ಬೇರೆಯದರ ಕಡೆ ವಾಲಿದರೆ ದಾಖಲೆ ಬದಲಿಸಬೇಕೇ?

ಕೋರ್ಟು ಕಟ್ಟೆ:

ಬೇಡ. ನಂಬುವುದಕ್ಕೆ, ಬಿಡುವುದಕ್ಕೆ, ಓದುವುದಕ್ಕೆ, ಚರ್ಚಿಗೋ ಬಸದಿಗೋ ಹೋಗಿ ಕೂರುವುದಕ್ಕೆ ದಾಖಲೆ ಬದಲಿಸಬೇಕಾಗಿಲ್ಲ. ವಿಧಿಪೂರ್ವಕ ಮತಾಂತರ ಮಾತ್ರ 18ರವರೆಗೆ ಬೇಡ. ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯಲ್ಲಿ ಅಪ್ರಾಪ್ತರನ್ನು ಕಾನೂನುಬಾಹಿರವಾಗಿ ಮತಾಂತರಿಸಿದ ಆರೋಪಕ್ಕೆ 3ರಿಂದ 10 ವರ್ಷದವರೆಗೆ ಶಿಕ್ಷೆ ಇದೆ, ತಪ್ಪಿಲ್ಲ ಅಂತ ರುಜುವಾತು ಮಾಡುವ ಹೊಣೆಯೂ ಆರೋಪಿಯದೇ. ವಯಸ್ಕರೂ 30 ದಿನ ಮೊದಲು ಜಿಲ್ಲಾ ದಂಡಾಧಿಕಾರಿಗೆ ನಮೂನೆಯಲ್ಲಿ ತಿಳಿಸಬೇಕು. 2023ರ ಜೂನಿನಲ್ಲಿ ಸಚಿವ ಸಂಪುಟ ಇದನ್ನು ರದ್ದು ಮಾಡಲು ತೀರ್ಮಾನಿಸಿತು. ಸಂಪುಟದ ತೀರ್ಮಾನದಿಂದಲೇ ಕಾಯ್ದೆ ಹೋಗುವುದಿಲ್ಲ, ರದ್ದತಿ ಮಸೂದೆ ಎರಡೂ ಸದನದಲ್ಲಿ ಪಾಸಾಗಿ ರಾಜ್ಯಪತ್ರದಲ್ಲಿ ಬರಬೇಕು. ಅರ್ಜಿ ಹಾಕುವ ದಿನ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ.

18 ಆದಮೇಲೆ ಯಾರ ಅಪ್ಪಣೆಯೂ ಬೇಡ. ವಯಸ್ಕರ ನಂಬಿಕೆ ಅವರದೇ ಆಯ್ಕೆ, ತಂದೆಯೂ ಅಡ್ಡ ಬರುವಂತಿಲ್ಲ ಅಂತ 2018ರ ಹಾದಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾಗದದ ಕ್ರಮ: ನೋಟರಿ ಮುಂದೆ ಪ್ರಮಾಣಪತ್ರ (ಅಫಿಡವಿಟ್), ಪತ್ರಿಕೆಯಲ್ಲಿ ಪ್ರಕಟಣೆ, ಆಮೇಲೆ ದೆಹಲಿಯ ಪ್ರಕಟಣಾ ಇಲಾಖೆಗೆ ಅರ್ಜಿ ಹಾಕಿ ರಾಜ್ಯಪತ್ರ. ಆ ಪ್ರತಿ ಇಟ್ಟುಕೊಂಡು ಉಳಿದ ದಾಖಲೆ ತಿದ್ದಿಸುವುದು. ಪ್ರಮಾಣಪತ್ರದಲ್ಲಿ ಒಂದು ದಿನಾಂಕ, ಪ್ರಕಟಣೆಯಲ್ಲಿ ಇನ್ನೊಂದು, ಹೆಸರಿನ ಅಕ್ಷರ ಬೇರೆ, ಹೀಗಾದರೆ ಅರ್ಜಿ ವಾಪಸ್ ಬರುತ್ತದೆ.

ಶಾಲೆ ಗಂಟೆ:

ಹದಿಮೂರರ ಮಗು ‘ನಂಬಿಕೆ ಇಲ್ಲ’ ಅಂದಾಗ ತಕ್ಷಣ ಉತ್ತರ ಕೊಡಬೇಡಿ. ‘ಯಾವ ಭಾಗದಲ್ಲಿ ನಂಬಿಕೆ ಇಲ್ಲ?’ ಅಂತ ಕೇಳಿ. ಹಲವು ಸಲ ಅದು ದೇವರ ಬಗ್ಗೆ ಇರುವುದಿಲ್ಲ. ಮುಟ್ಟಿನ ದಿನ ಹೊರಗೆ ಕೂರಿಸಿದ್ದರ ಬಗ್ಗೆ ಇರುತ್ತದೆ, ಗೆಳೆಯನನ್ನು ಅಡುಗೆಮನೆಗೆ ಬಿಡದ್ದರ ಬಗ್ಗೆ ಇರುತ್ತದೆ. ಅದನ್ನು ಮನೆಯಲ್ಲೇ ಸರಿಮಾಡಬಹುದು. ನಿಜವಾಗಿ ದೇವರಲ್ಲೇ ನಂಬಿಕೆ ಇಲ್ಲವೆಂದರೆ ಪೂಜೆಗೆ ಕೂರಿಸುವ ಒತ್ತಾಯ ಬಿಡಿ, ಹಬ್ಬದ ಊಟಕ್ಕೆ ಕೂರಲಿ. ಮನೆಯವರೊಂದಿಗಿನ ನಂಟಿಗೆ ನಂಬಿಕೆಯ ಷರತ್ತು ಹಾಕಬಾರದು.

ದಾಖಲಾತಿ ರಿಜಿಸ್ಟರ್:

ಮಲಪ್ರಭಾ ದಂಡೆಯವರೇ, ದಾಖಲಾತಿ ಮುಗಿಯುವ ಮೊದಲು ಇಬ್ಬರ ಸಹಿಯ ಪತ್ರ ಕೊಡಿ. ಮಗುವನ್ನು ಒಂದು ಮನೆಯ ರೀತಿಯಲ್ಲಿ ಬೆಳೆಸುವುದಾದರೆ ಅದನ್ನು ಬರೆಯಿರಿ, ಜಾತಿ ಕಾಲಂ ಅದಕ್ಕೆ ಹೊಂದಿರಲಿ. ಎರಡನ್ನೂ ಕಲಿಸುವುದಾದರೆ, ಮೀಸಲಾತಿ ಪ್ರಶ್ನೆಯೂ ಇಲ್ಲದಿದ್ದರೆ, ಖಾಲಿ ಕಾಲಂ ಅವರ ದಾರಿ ನಿಮಗೆ ಸರಿಹೋಗುತ್ತದೆ. ಎಸ್‌ಎಟಿಎಸ್‌ನಲ್ಲಿ ಏನು ಏರಿತು ಅಂತ ಒಂದು ವಾರಕ್ಕೆ ನೋಡಿಕೊಂಡು ಇಲ್ಲಿ ತಿಳಿಸಿ.